ಎಡಗಡೆ ಮುಂದಿನ ಚಕ್ರದ ಸದ್ದು

ಕಾರಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ನನಗೆ ಮೊದಲು ಹೇಳಿದ್ದು ಅವ್ವ. ಅದೂ ಹಿತ್ತಲಿಗೆ ಕರೆದು, ದನಿ ತಗ್ಗಿಸಿ.

"ಹಂಪ್ ಹತ್ತಿ ಇಳ್ದಾಗೆಲ್ಲಾ ಲೊಟಕ್ ಅಂತದೆ ಕಣಪ್ಪ. ಎಲ್ಲಾದ್ರೂ ತೋರ್ಸು. ನಾನ್ ಏಳ್ದೆ ಅನ್ಬ್ಯಾಡ."

ಕಾರಿನ ಸದ್ದಿನಲ್ಲಿ ಗುಟ್ಟು ಮಾಡುವಂಥದ್ದೇನಿದೆ ಎಂದು ನನಗೆ ರೇಗಿತು. ನಮ್ಮ ಮನೆಯಲ್ಲಿ ಯಾವ ಮಾತೂ ನೇರವಾಗಿ ಹೋಗುವುದಿಲ್ಲ. ಅಪ್ಪನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಾರೆ, ನನಗೆ ಹೇಳಬೇಕಾದ್ದನ್ನು ನನ್ನ ಹೆಂಡತಿಗೆ. ಇದೂ ಅದೇ ಜಾತಿಯದು ಅಂದುಕೊಂಡೆ.

ಕಾರು ಅಪ್ಪನದು. ಸಣ್ಣದು, ಹಳೆಯದು, ಬಾನೆಟ್ಟಿನ ಬಣ್ಣ ಹೋಗಿದೆ. ಆದರೂ ರಾವಂದೂರಿನಾಚೆಯ ನಮ್ಮೂರಿನಲ್ಲಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಯಾರಾದರೂ ಎದೆ ಹಿಡಿದುಕೊಂಡು ಕೂತರೆ ಜನ ಮೊದಲು ಓಡಿ ಬರುತ್ತಿದ್ದದ್ದು ನಮ್ಮ ಜಗಲಿಗೆ. ಅಪ್ಪ ಉಣ್ಣುತ್ತಿದ್ದರೂ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದ. ಬಾಡಿಗೆ ಅಂತ ಏನೂ ಕೇಳುತ್ತಿರಲಿಲ್ಲ. ನಮಗೇನು ದೊಡ್ಡ ಹೊಲವಿರಲಿಲ್ಲ, ದೊಡ್ಡ ಮನೆತನವೂ ಅಲ್ಲ. ಊರಿನಲ್ಲಿ ಅಪ್ಪನನ್ನು ಕಂಡು ಜನ ಎದ್ದು ನಿಲ್ಲುತ್ತಿದ್ದರೆ ಅದು ಆ ಕಾರಿನಿಂದ.

ಅದಕ್ಕೂ ಮೊದಲು ಅವನು ಟೆಂಪೋ ಓಡಿಸುತ್ತಿದ್ದ. ಹುಣಸೂರಿನ ಹರಾಜಿಗೆ ಹೊಗೆಸೊಪ್ಪಿನ ಬೇಲು, ಕೆ.ಆರ್. ನಗರದ ಮಿಲ್ಲುಗಳಿಗೆ ಭತ್ತ. ಬೇಲು ಪೇರಿಸಿದ ಮೇಲೆ ಹಿಂದಿನದೇನೂ ಕಾಣುತ್ತಿರಲಿಲ್ಲವಾದ್ದರಿಂದ ಕನ್ನಡಿ ನೋಡುವ ಅಭ್ಯಾಸವೇ ಅವನಿಗೆ ಹತ್ತಲಿಲ್ಲ. ಹಾರನ್ನು ಕೇಳಿ ದಾರಿ ಬಿಡುತ್ತಿದ್ದ. ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವ ಬಸ್ಸಿನ ಸದ್ದಿನಿಂದಲೇ ಅದರ ಕಾಯಿಲೆ ಹೇಳುತ್ತಿದ್ದವನು.

ಕಾರು ಹೊರಟಿತೆಂದರೆ ಅವ್ವನೂ ಹೊರಡುತ್ತಿದ್ದಳು. ಮುಂದಿನ ಸೀಟು ಖಾಲಿ ಇದ್ದರೂ ಅಪ್ಪನ ಬೆನ್ನ ಹಿಂದೆಯೇ ಕೂರುತ್ತಿದ್ದಳು. ಗಂಡನ ಸಮಕ್ಕೆ ಕೂರಲು ನಾಚಿಕೆ ಎಂದು ಮನೆಯವರು, ಬಸುರಿಯರಿಗೆ ಹೆಂಗಸಿನ ಆಸರೆಗೆ ಎಂದು ಊರವರು ಅನ್ನುತ್ತಿದ್ದರು. "ಸಾವ್ಕಾರ್ತಿ ಹಿಂದೆ, ಡ್ರೈವರ್ ಮುಂದೆ" ಎಂದು ನಾನೂ ಆಡಿಕೊಂಡಿದ್ದೇನೆ. ಅವಳು ನಗುತ್ತಿದ್ದಳು, ಜಾಗ ಮಾತ್ರ ಬದಲಿಸುತ್ತಿರಲಿಲ್ಲ.

ಅಪ್ಪನ ಎದುರಿಗೆ ಕೂತು, ಕಾರಿನ ಕಡೆ ಕೈ ತೋರಿಸಿ, ಹಂಪಿನ ಮೇಲೆ ಸದ್ದು ಬರುತ್ತದಂತಲ್ಲ ಎಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

"ಓ, ಅದಾ? ತಿಂಗ್ಳಿಂದ ಕೇಳ್ತಾ ಇವ್ನಿ. ಹಿಂದ್ಗಡೆ ಶಾಕ್ ಅಬ್ಸಾರ್ಬರ್ರು ಹೋಗವೆ ಕಣ್ಲಾ."

ಅಪ್ಪ ಹೇಳಿದ ಮೇಲೆ ಮುಗಿಯಿತು. ಹುಣಸೂರಿಗೆ ಒಯ್ದು ಎರಡನ್ನೂ ಹೊಸದು ಹಾಕಿಸಿದೆ. ಸದ್ದು ಹಾಗೇ ಇತ್ತು. ಹಾಗಾದರೆ ಸೈಲೆನ್ಸರಿನ ರಬ್ಬರು ಎಂದ ಅಪ್ಪ. ಅದನ್ನೂ ಬದಲಿಸಿದೆ. ಸದ್ದು ಇನ್ನೂ ಜೋರಾಯಿತು. ಆದರೆ ಮೆಕ್ಯಾನಿಕ್ ಒಬ್ಬನೇ ಕೂತು ಓಡಿಸಿದರೆ ಕಾರು ಬಾಯಿ ಮುಚ್ಚಿಕೊಂಡು ಓಡುತ್ತಿತ್ತು. ಅವನೂ ಬೇಸತ್ತು, "ಲೋಡ್ ಹಾಕಿ ಓಡ್ಸಿ ಸಾರ್. ಒಬ್ರು ಹಿಂದ್ ಕೂತು, ಸದ್ದು ಎಲ್ಲಿಂದ ಬತ್ತದೆ ಅಂತ ಕಿವಿಗೊಟ್ಟು ಕೇಳಿ" ಎಂದು ಕೈತೊಳೆದುಕೊಂಡ.

ಭಾನುವಾರ ಎರಡು ಮೂಟೆ ರಾಗಿಯನ್ನು ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಹೇರಿ, ಅಪ್ಪನಿಗೆ ಓಡಿಸಲು ಹೇಳಿ, ಅವನ ಹಿಂದೆ ಕೂತೆ. ಅವ್ವ ಸೀರೆ ಕೂಡ ಬದಲಿಸದೆ ಓಡಿ ಬಂದಳು.

"ನಾನೂ ಬತ್ತೀನಿ."

"ಜಾಗ ಎಲ್ಲವ್ವ ಅದೆ? ಸುಮ್ನಿರು," ಎಂದೆ. ಅವಳು ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ನಾನೇ ಅವಳ ಕೈ ಬಿಡಿಸಿ ಬಾಗಿಲು ಹಾಕಿದೆ.

ಊರು ದಾಟಿದೆವು. ಎರಡೂ ಕಡೆ ಶುಂಠಿ ಹೊಲ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಮನೆಗಳು. ಮೊದಲ ಹಂಪಿನಲ್ಲೇ ಲೊಟಕ್ ಎಂದಿತು. ನಾನು ಬಗ್ಗಿ ಕಿವಿಯನ್ನು ಕೆಳಕ್ಕೆ ತಂದೆ. ಮುಂದೆ ಒಂದು ಗುಂಡಿ. ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದಿನಿಂದಲ್ಲ, ಮುಂದಿನಿಂದ. ಎಡಗಡೆ ಚಕ್ರ. ನಿಲ್ಲಿಸು ಎನ್ನಲು ಅಪ್ಪನ ಹೆಗಲನ್ನು ತಟ್ಟಿದೆ.

ಕಾರು ನಿಲ್ಲಲಿಲ್ಲ. ನಿಧಾನವಾಗಿ ಎಡಕ್ಕೆ ಸರಿಯಿತು. ಅಪ್ಪ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಮುಂದೆ ಹೋಗು ಎಂಬಂತೆ ಬೀಸಿದ.

ನಾನು ತಿರುಗಿ ನೋಡಿದೆ. ಹಿಂದೆ ರಸ್ತೆ ಖಾಲಿ. ಏನೋ ತಪ್ಪು ತಿಳಿದಿರಬೇಕು ಎಂದು ಮತ್ತೆ ತಟ್ಟಿದೆ. ಕಾರು ಇನ್ನೂ ಎಡಕ್ಕೆ ಹೋಗಿ ಮಣ್ಣಿಗೆ ಇಳಿಯಿತು. "ಹೋಗಪ್ಪಾ ಹೋಗು, ಯಾವೂರ್ ಮುಳುಗೋಯ್ತದೆ ಈಗ" ಎಂದು ಗೊಣಗುತ್ತಾ, ಇಲ್ಲದ ಗಾಡಿಗೆ ಅಪ್ಪ ಇನ್ನೊಮ್ಮೆ ಕೈ ಬೀಸಿದ.

ಆಗ "ಅಪ್ಪಾ" ಎಂದೆ. ಉತ್ತರವಿಲ್ಲ. ಮನೆಯಲ್ಲಿ ಕರೆಯುವಷ್ಟೇ ದನಿಯಲ್ಲಿ, ಬೇಕೆಂತಲೇ ಸುಳ್ಳು, "ಅಪ್ಪಾ, ಟೈರ್ ಪಂಕ್ಚರ್ ಆಗದೆ" ಎಂದೆ. ಅವನು ಹೊಲದಲ್ಲಿ ಯಾರೋ ಕಳೆ ಕೀಳುತ್ತಿದ್ದುದನ್ನು ನೋಡುತ್ತಾ ಆರಾಮವಾಗಿ ಓಡಿಸುತ್ತಿದ್ದ.

ಕರೆದರೆ ಓಗೊಡುವುದಿಲ್ಲ, ಟಿವಿ ಊರಿಗೆಲ್ಲ ಕೇಳುವಂತೆ ಹಾಕುತ್ತಾನೆ, ವಯಸ್ಸಾದಂತೆ ಸೊಕ್ಕು ಜಾಸ್ತಿಯಾಯಿತು ಎಂದು ಇಷ್ಟು ದಿನ ಅವನನ್ನು ಬೈದುಕೊಂಡಿದ್ದೆ. ಈ ಸೀಟಿನಲ್ಲಿ ಮಲಗಿ ಆಸ್ಪತ್ರೆಗೆ ಹೋದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅದರಲ್ಲಿ ನನ್ನ ಹೆಂಡತಿಯೂ ಇದ್ದಳು, ಹೊಟ್ಟೆಯಲ್ಲಿ ಮಗಳನ್ನು ಇಟ್ಟುಕೊಂಡು. ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು.

ವಾಪಸು ಬಂದಾಗ ಮನೆ ಬಾಗಿಲಲ್ಲಿ ಅವ್ವ ನನ್ನ ಮುಖ ನೋಡಿದವಳೇ ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

"ಎಷ್ಟ್ ದಿನದಿಂದ?"

"ನಿನ್ ಮಗಳು ಹುಟ್ಟಕೂ ಮುಂಚಿಂದ. ಅದ್ಕೇ ಕಣಪ್ಪ ನಾನ್ ಹಿಂದ್ ಕೂರೋದು. ಹಾರನ್ ಕೇಳ್ದೇಟ್ಗೆ ತಟ್ತೀನಿ."

"ನೀವಿಬ್ರೂ ಸೇರಿ ಯಾರ್ನಾದ್ರೂ ಸಾಯಿಸ್ತಿದ್ರಿ."

"ಒಂದ್ ದಿನಾನೂ ಈ ಇಚಾರ ನಾವಿಬ್ರೂ ಬಾಯ್ಬುಟ್ಟು ಆಡಿಲ್ಲ. ಸದ್ದು ಬತ್ತದೆ ಅಂತ ನಾನ್ ಎಂಗ್ ಏಳ್ಳಿ? ಏಳುದ್ರೆ ನಿಂಗೆ ಕಿವಿ ಕೇಳಾಕಿಲ್ಲ ಅಂತ ನಿಮ್ಮಪ್ಪನ್ ಮುಖಕ್ಕೇ ಅಂದಂಗಾಯ್ತದೆ. ಕಾರ್ ಬುಡುಸ್ಬ್ಯಾಡ ಕಣಪ್ಪ. ನಿಮ್ಮಪ್ಪ ಉಳಿಯಾಕಿಲ್ಲ."

ಮಾರನೆಯ ದಿನ ಮೆಕ್ಯಾನಿಕ್ ಎಡಗಡೆ ಮುಂದಿನ ಚಕ್ರವನ್ನು ಜಾಕಿಗೆ ಏರಿಸಿ ಅಲ್ಲಾಡಿಸಿದ. ಬಾಯಿಯ ಹಲ್ಲು ಅಲ್ಲಾಡಿದಂತೆ ಅಲ್ಲಾಡಿತು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಬಾಲ್ ಜಾಯಿಂಟು ಪೂರಾ ಸವೆದಿತ್ತು. "ಇನ್ನೊಂದ್ ದೊಡ್ಡ ಗುಂಡಿ ಸಿಕ್ಕಿದ್ರೆ ಚಕ್ರ ಮಗ್ಗುಲಾಗಿ ಮಲಗೋದು ಸಾರ್. ಇಷ್ಟ್ ಸದ್ದು ಮಾಡ್ತಿದ್ರೂ ಎಂಗ್ ಓಡ್ಸುದ್ರಿ?" ಎಂದ. ಹೊಸದು ಹಾಕಿಸಿ, ಮನೆಗೆ ಬಂದು ಕೀಲಿಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡೆ.

ಅಪ್ಪನಿಗೆ ಮೆತ್ತಗೆ ಹೇಳಬೇಕೆಂದು ನಿರ್ಧರಿಸಿದ್ದೆ. ಸಂಜೆ, ನಾವಿಬ್ಬರೇ ಹೊಲದ ಕಡೆ ಹೋದಾಗ, ಅವನಿಗೆ ನೋವಾಗದ ಹಾಗೆ. ಮಾತುಗಳನ್ನೂ ಜೋಡಿಸಿಕೊಂಡಿದ್ದೆ.

ಆದರೆ ಮಧ್ಯಾಹ್ನವೇ ಎದುರು ಬೀದಿಯ ಸೊಸೆಗೆ ನೋವು ಬಂತು. ಅವಳ ಅತ್ತೆ, ಗಂಡ, ಹಿಂದೆ ಅರ್ಧ ಬೀದಿ, ಎಲ್ಲರೂ ಅವಳನ್ನು ನಡೆಸಿಕೊಂಡು ಬಂದರು. ಅಪ್ಪ ಆಗಲೇ ಎದ್ದು ಹೋಗಿ ಕಾರಿನಲ್ಲಿ ಕೂತು, ಕಿಟಕಿಯಿಂದ ಕೈ ಚಾಚಿದ.

"ಕೀ ಕೊಡ್ಲಾ, ವೊತ್ತಾಯ್ತದೆ."

ನಾನು ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಅಪ್ಪ, ನೀನ್ ಬ್ಯಾಡ. ನಾನ್ ಓಡಿಸ್ತೀನಿ" ಎಂದೆ.

"ಹ್ಞೂಂ, ಹ್ಞೂಂ," ಎಂದು ತಲೆಯಾಡಿಸಿದ. ಕೈ ಹಾಗೇ ಚಾಚಿತ್ತು.

ಸ್ವಲ್ಪ ಜೋರಾಗಿ ಹೇಳಿದೆ. ಮತ್ತೆ ತಲೆಯಾಡಿಸಿ ನಕ್ಕ. ಹುಡುಗಿ ಬಾನೆಟ್ಟಿಗೆ ಕೈ ಊರಿ ನರಳುತ್ತಿದ್ದಳು. ಅವಳ ಅತ್ತೆ ನನ್ನನ್ನೂ ಅಪ್ಪನನ್ನೂ ನೋಡುತ್ತಿದ್ದಳು. ಮೂರನೆಯ ಸಲ ಹೇಳಿದರೂ ಅವನು, "ಕೊಡ್ಲಾ ಅಂದ್ರೆ!" ಎಂದು ನನ್ನ ಜೇಬಿಗೇ ಕೈ ಹಾಕಲು ಬಂದ.

"ನಿಂಗೆ ಕಿವಿ ಕೇಳಲ್ಲ ಕಣಪ್ಪಾ!" ನಾನು ಕಿರುಚಿದೆ. "ಇನ್ಮೇಲೆ ಕಾರ್ ಮುಟ್ಬ್ಯಾಡ!"

ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದವರು ತಿರುಗಿ ನೋಡಿದರು. ಹುಡುಗಿಯ ನರಳಾಟವೂ ಒಂದು ಗಳಿಗೆ ನಿಂತಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಪ್ಪ ಇಳಿದ. ನಾನು ಕೂರಲೆಂದು ಬಾಗಿಲನ್ನು ತೆರೆದು ಹಿಡಿದ.

"ಕೇಳಿಸ್ತು ಬುಡು," ಎಂದ. "ಯಾಕ್ಲಾ ಅಂಗ್ ಕೂಗ್ತೀಯಾ, ಜನ ಎಲ್ಲಾ ಅವ್ರೆ."