ಸಮುದ್ರಕ್ಕೆ ಉಡಿ ತುಂಬಿದ್ದು

ಎರಡನೆಯ ದೊಡ್ಡ ಯುದ್ಧ ಮುಗಿದ ಮರುವರ್ಷದ ಬೇಸಿಗೆ ರಜೆ. ನಮ್ಮ ಕಡೆ ಆಗಿನ್ನೂ ನಿಜಾಮ ಸರ್ಕಾರ. ನಾನು ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ವಯಸ್ಸು ಇಪ್ಪತ್ತಾರು. ಹದಿನೇಳಕ್ಕೆ ಸುರಪುರಕ್ಕೆ ಸೊಸೆಯಾಗಿ ಹೋಗಿ, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಯಾದಗಿರಿ ಹತ್ತಿರದ ತವರಿಗೆ ಮರಳಿದ್ದೆ. ಅಣ್ಣ ಓದಿಸಿದ, ನೌಕರಿ ಸಿಕ್ಕಿತು.

ಆ ರಜೆಯಲ್ಲಿ ಒಬ್ಬಳೇ ಮುಂಬಯಿಗೆ ಹೋಗಿ ಸಮುದ್ರ ನೋಡಿ ಬರುತ್ತೇನೆ ಎಂದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು.

“ಬರೇ ನೀರು ನೋಡಾಕ ಅಂತ ಯಾರರ ಅಷ್ಟು ದೂರ ಹೋಗ್ತಾರೇನು? ಕಾಶಿಗರ ಹೋಗು, ಪುಣ್ಯಾನರ ಬರ್ತದ,” ಎಂದ ಅಣ್ಣ.

“ಪುಣ್ಯ ನಿನಗಿರ್ಲಿ ಅಣ್ಣ. ನನಗ ನೀರಾಗ ಇಳೀಬೇಕಾಗ್ಯದ,” ಎಂದೆ.

ನಮ್ಮ ಮನೆ ಭೀಮೆಯ ದಂಡೆಯಲ್ಲೇ ಇತ್ತು. ನಡೆಯುವುದನ್ನೂ ಈಜುವುದನ್ನೂ ನಾನು ಹೆಚ್ಚುಕಡಿಮೆ ಒಟ್ಟಿಗೇ ಕಲಿತವಳು. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ಓಣಿಯ ಮುತ್ತೈದೆಯರೆಲ್ಲ ಇಳಿದು ಗಂಗೆಗೆ ಉಡಿ ತುಂಬುತ್ತಾರೆ. ಕಾಯಿ, ಕುಬಸದ ಬಟ್ಟೆ, ಅರಿಷಿಣ, ಕುಂಕುಮ ನೀರಿಗೆ ಬಿಡುತ್ತಾರೆ. ಗಂಡ ಸತ್ತವಳು ಅದನ್ನು ಮುಟ್ಟುವಂತಿಲ್ಲ. ಎಂಟು ವರ್ಷ ನಾನು ದಂಡೆಯ ಮೇಲೆ ನಿಂತು ಅವರ ಚಪ್ಪಲಿ ಕಾದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಹೊರಡುವ ದಿನ ಅವ್ವ ನನ್ನ ಚೀಲದೊಳಗೆ ಒಂದು ಗಂಟು ತುರುಕಿದಳು. ಬಿಚ್ಚಿ ನೋಡಿದರೆ ಹಸಿರು ಕುಬಸದ ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ.

“ನಮ್ಮ ಭೀಮವ್ವಗಿಂತ ದೊಡ್ಡಾಕಿ ಅಕಿ. ಬರಿಗೈಲೆ ಹೋಗಬ್ಯಾಡ. ಉಡಿ ತುಂಬಿ ಬಾ.”

“ನನ್ನ ಕೈಲೆ ನಡೀತದೇನವ್ವ?”

ಅವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಅಲ್ಲಿ ನಿನ್ನ ಗುರ್ತು ಯಾರಿಗದ?”

ನಮ್ಮವ್ವ ಸಾಮಾನ್ಯದವಳಲ್ಲ.

ಯಾದಗಿರಿ ಸ್ಟೇಷನ್ನಿನಿಂದ ಹಿಡಿದು ಮುಂಬಯಿಯ ಧರ್ಮಶಾಲೆಯವರೆಗೆ ಎಲ್ಲರದೂ ಒಂದೇ ಪ್ರಶ್ನೆ, ಜೊತೆಗೆ ಯಾರಿದ್ದಾರೆ ಅಂತ. ಯಾರೂ ಇಲ್ಲ ಎಂದರೆ ನಂಬದೆ ನನ್ನ ಬೆನ್ನ ಹಿಂದೆ ಇಣುಕುತ್ತಿದ್ದರು. ಧರ್ಮಶಾಲೆಯವನಂತೂ, ಗಂಡಸರು ಆಮೇಲೆ ಬರುತ್ತಾರೆ ಎಂದು ತಾನೇ ತೀರ್ಮಾನಿಸಿ ದೊಡ್ಡ ಕೋಣೆ ಕೊಟ್ಟ. ನಾನು ಬೇಡ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ದಾರಿ ಕೇಳಿಕೊಂಡು ಸಮುದ್ರದ ದಂಡೆಗೆ ಹೋದೆ. ಆಚೆ ದಂಡೆ ಇಲ್ಲದ ನೀರನ್ನು ಅದೇ ಮೊದಲು ನೋಡಿದ್ದು. ಹೊಳೆಗೆ ಇಳಿಯುವಾಗ ಮಾಡುವ ಹಾಗೆ ಬೊಗಸೆ ನೀರು ಕಣ್ಣಿಗೆ ಒತ್ತಿಕೊಂಡು ಭಕ್ತಿಯಿಂದ ಕುಡಿದುಬಿಟ್ಟೆ. ಉಪ್ಪು! ಮಕ್ಕಳಿಗೆ ಸಮುದ್ರದ ನೀರು ಉಪ್ಪು ಎಂದು ಬಾಯಿಪಾಠ ಮಾಡಿಸುವ ನಾನು ಥೂ ಥೂ ಎಂದು ಉಗುಳುತ್ತ ನಿಂತೆ.

ಆಮೇಲೆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಮನಸ್ಸಿನಲ್ಲೇ ನಮಸ್ಕರಿಸಿ ನೀರಿಗೆ ಬಿಟ್ಟೆ. ಭೀಮೆಯಲ್ಲಾದರೆ ಬಿಟ್ಟದ್ದು ಸೆಳವಿನ ಜೊತೆ ಹೋಗಿಬಿಡುತ್ತದೆ, ತಿರುಗಿ ನೋಡುವ ಮಾತೇ ಇಲ್ಲ. ಇಲ್ಲಿ ಮಾರು ದೂರ ಹೋದ ಕಾಯಿ ಮುಂದಿನ ಅಲೆಗೆ ಉರುಳಿಕೊಂಡು ಬಂದು ನನ್ನ ಕಾಲಿಗೇ ಬಡಿಯಿತು. ಮತ್ತೆ ಬಿಟ್ಟೆ, ಮತ್ತೆ ಬಂತು. ಮೂರನೆಯ ಸಲ ಜೋರಾಗಿ ಎಸೆದೆ, ಆಗಲೂ ಬಂತು. ಗುರುತೇ ಇಲ್ಲದ ಊರಿನಲ್ಲೂ ನನ್ನ ಕೈಯ ಉಡಿ ಬೇಡವಾಯಿತೇ ಎನ್ನಿಸಿ, ಮರಳಿನ ಮೇಲೆ ಕುಸಿದು ಕೂತು ಅತ್ತೆ.

ಅಲ್ಲೇ ಮೀನು ಒಣಹಾಕುತ್ತಿದ್ದ ಒಬ್ಬ ಬೆಸ್ತರ ಹೆಂಗಸು ಇದನ್ನೆಲ್ಲ ನೋಡಿ ಗಹಗಹಿಸಿ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ನಿಜಾಮ ಸರ್ಕಾರ ಕಲಿಸಿದ ಉರ್ದುವಿನಲ್ಲೇ, ನಾನು ಗಂಡ ಸತ್ತವಳು, ಅದಕ್ಕೇ ಗಂಗೆ ಒಲ್ಲೆ ಅನ್ನುತ್ತಿದ್ದಾಳೆ, ಇದರಲ್ಲಿ ನಗುವುದೇನಿದೆ ಎಂದು ಕೇಳಿದೆ. ಅವಳು ತನ್ನ ಮುರುಕು ಹಿಂದಿಯಲ್ಲಿ ಹೇಳಿದ್ದು ಇಷ್ಟು: ರಾಣಿ ಬಂದು ಕೊಟ್ಟರೂ ಇದು ದಂಡೆಗೇ ತಂದು ಹಾಕುತ್ತದೆ, ಅಲೆ ಒಡೆಯುವ ಜಾಗ ದಾಟಿ ಒಳಗೆ ಹೋಗಿ ಬಿಡಬೇಕು, ಈಗ ನೀರು ಇಳಿಯುವ ಹೊತ್ತು, ಎಳೆದುಕೊಂಡು ಹೋಗುತ್ತದೆ. ಕೊನೆಗೆ, “ಈಜು ಬರುತ್ತದೇನು?” ಎಂದಳು.

ಭೀಮೆಯ ದಂಡೆಯವಳಿಗೆ ಕೇಳುವ ಮಾತೇ ಇದು?

ಕಣ್ಣೀರು ಒರೆಸಿಕೊಂಡು ಕಚ್ಚೆ ಬಿಗಿದೆ, ಗಂಟನ್ನು ಸೆರಗಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ನುಗ್ಗಿದೆ. ಮೊದಲ ಅಲೆ ನನ್ನನ್ನು ಅಂಗಾತ ಕೆಡವಿತು. ಎರಡನೆಯದು ಮೂಗಿನ ತುಂಬ ಉಪ್ಪುನೀರು ತುಂಬಿತು. ಹೊಳೆಯ ಈಜು ಇಲ್ಲಿ ನಡೆಯದು ಎಂದು ಗೊತ್ತಾಗಿ, ಮೂರನೆಯದು ಬಂದಾಗ ಉಸಿರು ಕಟ್ಟಿ ಅದರ ಬುಡದಲ್ಲಿ ಮುಳುಗಿದೆ. ಅಲೆ ತಲೆಯ ಮೇಲೆ ಹಾದುಹೋಯಿತು. ಹಾಗೇ ನಾಲ್ಕೈದು ಅಲೆ ದಾಟಿದ ಮೇಲೆ ನೀರು ಒಮ್ಮೆಲೇ ಸುಮ್ಮನಾಯಿತು. ಕಾಯಿಯನ್ನು ಅಲ್ಲಿ ಬಿಟ್ಟೆ. ಅದು ತೇಲುತ್ತ ತೇಲುತ್ತ ಒಳಗೆ ಹೋಯಿತು. ಹಸಿರು ಬಟ್ಟೆ ಕಾಣುವವರೆಗೂ ನೋಡಿದೆ, ತಿರುಗಿ ಬರಲಿಲ್ಲ. ಎಂಟು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕೂಗೊಂದು ಆಗ ಹೊರಗೆ ಬಂತು. ದಂಡೆಯಲ್ಲಿ ಆ ಹೆಂಗಸು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

ಮೂರು ದಿನ ಇದ್ದೆ, ಮೂರೂ ದಿನ ಈಜಿದೆ. ಮೈಯೆಲ್ಲ ಕರ್ರಗಾಗಿ ಊರಿಗೆ ಬಂದೆ.

ಮಳೆಗಾಲದಲ್ಲಿ ಭೀಮೆಗೆ ಹೊಸ ನೀರು ಬಂತು. ಓಣಿಯವರ ಜೊತೆ ನಾನೂ ಉಡಿ ಹಿಡಿದು ಇಳಿದೆ. ಸೋದರತ್ತೆ ಕೈ ಅಡ್ಡ ಹಿಡಿದಳು. “ಏ, ನೀ ಎಲ್ಲಿಗೆ ಹೊಂಟಿ?”

“ಸಮುದ್ರಕ್ಕ ಉಡಿ ತುಂಬಿ ಬಂದೀನತ್ತಿ. ಅಕಿ ತಗೊಂಡಾಳ. ಭೀಮವ್ವ ಒಲ್ಲೆ ಅಂದ್ರ ಅಕೀನ ಹೇಳ್ಲಿ, ನೀ ಯಾಕ ಹೇಳ್ತಿ?”

ಅತ್ತೆಯ ಕೈ ತಾನಾಗಿ ಇಳಿಯಿತು. ಎಲ್ಲರ ನಡುವೆ ನಿಂತು ಬಿಟ್ಟ ನನ್ನ ಕಾಯಿ ಎಲ್ಲರ ಕಾಯಿಯ ಜೊತೆಗೇ ಹೋಯಿತು.

ಈಗ ನನಗೆ ವಯಸ್ಸಾಗಿದೆ, ನೀರಿಗೆ ಇಳಿಯಲು ಅಣ್ಣನ ಮೊಮ್ಮಕ್ಕಳು ಬಿಡುವುದಿಲ್ಲ. ಆದರೆ ಅದರ ಮುಂದಿನ ವರ್ಷ ಭೀಮೆಗೆ ಬಂದ ಹೊಸ ನೀರನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಅವತ್ತು ನನ್ನ ಎಡಕ್ಕೊಬ್ಬಳು, ಬಲಕ್ಕೊಬ್ಬಳು, ನಮ್ಮ ಓಣಿಯ ಇನ್ನಿಬ್ಬರು ವಿಧವೆಯರು ಸೊಂಟಮಟ್ಟ ನೀರಲ್ಲಿ ಉಡಿ ಹಿಡಿದು ನಿಂತಿದ್ದರು.