ಮುಟ್ಟದ ಬಿಸಿ

ಬ್ಯಾಟರಿ ಸಿಡಿಯಬಹುದಿತ್ತು. ಪಕ್ಕದ ಮನೆಯ ಗ್ಯಾರೇಜು ಹೊತ್ತಿಕೊಂಡು, ನಮ್ಮೆರಡೂ ಮನೆಗಳ ನಡುವಿನ ಮರದ ಗೋಡೆ ಸುಟ್ಟುಹೋಗಬಹುದಿತ್ತು. ಫೈರ್ ಎಂಜಿನ್ ಬಂದು, ಅಮೆರಿಕದ ಈ ಹಿಲ್ಸ್‌ಬರೋ ಊರಿಗೆ ಊರೇ ನನ್ನನ್ನು ನೈಟಿಯಲ್ಲಿ ನೋಡಬಹುದಿತ್ತು.

ಆ ಮನೆಯ ಎಂಜಿನಿಯರ್‌ಗೆ ತನ್ನ ವೇಪ್‌ನ, ಅಂದರೆ ಬ್ಯಾಟರಿ ಸಿಗರೇಟಿನ, ಸುಟ್ಟ ವಾಸನೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಒಳಗಿನ ಕಾಯುವ ತಂತಿ ಕಿತ್ತು, ಉಕ್ಕಿನ ಕೊಳವೆಯಿಟ್ಟು, ಅದಕ್ಕೆ ತಾಗದಂತೆ ಹೊರಗೆ ತಾಮ್ರದ ಸುರುಳಿ ಸುತ್ತಿದ್ದ. ಯಾವಾಗಲೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೇಳುತ್ತಿದ್ದ: "ಸುರುಳಿಗೆ ಕರೆಂಟು ಕೊಟ್ರೆ ಹತ್ತಿರದ ಲೋಹ ಮುಟ್ಟದೇನೇ ಬಿಸಿಯಾಗ್ಬೇಕು, ಆಂಟಿ."

"ಮನೆ ಒಂದು ಉಳಿಸಪ್ಪಾ," ಅನ್ನುತ್ತಿದ್ದೆ.

ಅವತ್ತು ಗ್ಯಾರೇಜಿನಲ್ಲಿ ಸ್ವಿಚ್ ಒತ್ತಿದ. ಬೆಂಕಿಯಿಲ್ಲ, ಸದ್ದಿಲ್ಲ. ಕೊಳವೆಯಿಂದ ತಾನಾಗಿ ಹಬೆ ಎದ್ದಿತು. ನಾನು ಸುರುಳಿಯ ಪಕ್ಕದಲ್ಲೇ ಕೈಯೂರಿ ಇಣುಕುತ್ತಿದ್ದೆ. ತೀರಿಕೊಂಡ ನಮ್ಮನೆಯವರು ತೊಡಿಸಿದ್ದ ಉಂಗುರ ಮೆಲ್ಲಗೆ ಬೆಚ್ಚಗಾಯಿತು, ಈಗಷ್ಟೇ ಅವರು ಬೆರಳು ಹಿಡಿದುಕೊಂಡಂತೆ.

"ಕೈ ತೆಗೀರಿ ಆಂಟಿ!" ಎಂದು ಕಿರುಚಿದ.

ಆದ ಎಡವಟ್ಟು ಒಂದೇ: ಎಲ್ಲಕ್ಕೂ ಹೆದರುವ ನಾನು ಕೈ ತೆಗೆಯಲಿಲ್ಲ.