ದವಡೆರಾಯರ ಮೂರನೆಯ ದನಿ

ದವಡೆರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮೂವತ್ತೆರಡು ವರ್ಷಗಳಿಂದ ಕಟ್ಟುಹಲ್ಲು ಮಾಡುವ ಮನುಷ್ಯನಿಗೆ ಬೀದಿ ಇನ್ನೇನು ಹೆಸರು ಇಟ್ಟೀತು? ದಂತವೈದ್ಯರು ಬಾಯಿಯ ಅಚ್ಚು ತೆಗೆದು ಇವರಲ್ಲಿಗೆ ಕಳಿಸುತ್ತಾರೆ. ಇವರು ಮುಂದಿನ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಹಲ್ಲು ಕೂರಿಸಿ, ಕಿರ್ರೆಂದು ಕಿರುಚುವ ಯಂತ್ರಕ್ಕೆ ಹಿಡಿದು ಅರೆದು, ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಆ ಬೀದಿಯಲ್ಲಿ ನಗುವ ಮುದುಕರಲ್ಲಿ ಅರ್ಧ ಜನರ ನಗು ಇವರ ಕೈಯದೇ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದವನಿಗೆ ದವಡೆರಾಯರ ವಿಳಾಸ ಗೊತ್ತಿರಲಿಲ್ಲ, ಅಷ್ಟೆ.

ಆದರೆ ರಾಯರ ಜೀವ ಇದ್ದದ್ದು ಹಲ್ಲಿನಲ್ಲಲ್ಲ, ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ. ಅಲ್ಲಿ ಐದು ಹಳೆಯ ಕಂಪ್ಯೂಟರ್‌ಗಳಿದ್ದವು. ಕೀಲಿಮಣೆಯ ಹೊಟ್ಟೆಯಲ್ಲೇ ಇಡೀ ಕಂಪ್ಯೂಟರ್ ಅಡಗಿರುತ್ತಿದ್ದ, ಟಿವಿಗೆ ಸಿಕ್ಕಿಸಿ, ಟೇಪ್‌ರೆಕಾರ್ಡರ್‌ನಲ್ಲಿ ಕ್ಯಾಸೆಟ್ ಓಡಿಸಿ ಆಟ ತುಂಬಿಸಿಕೊಳ್ಳಬೇಕಾಗಿದ್ದ ಕಾಲದವು. ಒಂದರ ಕೀಲಿ ಮುರಿದುಹೋದಾಗ ರಾಯರು ಆ ಜಾಗಕ್ಕೆ ಒಂದು ದವಡೆಹಲ್ಲು ಅಂಟಿಸಿದ್ದರು. ಒತ್ತಲು ಅದೇ ಎಲ್ಲಕ್ಕಿಂತ ಹಿತವಾಗಿತ್ತು.

ಎಲ್ಲರೂ ಬಲ್ಲ ಆಟಗಳೆಂದರೆ ರಾಯರಿಗೆ ತಾತ್ಸಾರ. ಮಾಡಿದವನೇ ಮರೆತುಬಿಟ್ಟ ಆಟ ಬೇಕು ಅವರಿಗೆ. ಒಂದರಲ್ಲಿ ಅಷ್ಟಪದಿಯ ಎಂಟು ತೋಳಿನ ಅಂಗಿಗೆ ಇಸ್ತ್ರಿ ಹಾಕಬೇಕು. ಎಂಟನೆಯ ತೋಳು ಮುಗಿಯುವಷ್ಟರಲ್ಲಿ ಮೊದಲನೆಯದು ಮುದುಡಿರುತ್ತದೆ. ಇನ್ನೊಂದರಲ್ಲಿ ಬಸವನಹುಳು ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತದೆ. ನೀವು ಯಾವ ಕೀಲಿ ಒತ್ತಿದರೂ ಹುಳು ಸಾಲಿನ ಕೊನೆಗೆ ಹೋಗುತ್ತದೆ, ಏನೂ ಮಾಡದೆ ನಲವತ್ತು ನಿಮಿಷ ಕೂತವನು ಗೆಲ್ಲುತ್ತಾನೆ. ರಾಯರು ವರ್ಷಗಟ್ಟಲೆ ಒದ್ದಾಡಿದ ಈ ಆಟವನ್ನು ಅವರ ಹೆಂಡತಿಯ ತಮ್ಮ ಮೊದಲ ಸಲಕ್ಕೇ ಗೆದ್ದ. ಆಟ ನಡೆಯುತ್ತಿದೆ ಎಂಬುದೂ ಅವನಿಗೆ ತಿಳಿದಿರಲಿಲ್ಲ.

ಆಟಕ್ಕಿಂತಲೂ ರಾಯರಿಗೆ ಪ್ರಿಯವಾದದ್ದು ಡೆಮೊ. ಡೆಮೊ ಎಂದರೆ ಆಡುವುದಲ್ಲ, ನೋಡುವುದು. ಆ ಪುಟ್ಟ ಯಂತ್ರದ ಕೈಲಿ ಆಗದ ಬಣ್ಣ, ಕುಣಿತ, ಸಂಗೀತವನ್ನೆಲ್ಲ ಅದರ ಕಿವಿ ಹಿಂಡಿ ಮಾಡಿಸುವ ಕರಾಮತ್ತು.

"ಇದೇನ್ ಮಾಡತ್ತೆ?" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು.

"ಏನೂ ಮಾಡಲ್ಲ. ಸುಮ್ನೆ ಚೆನ್ನಾಗಿರತ್ತೆ."

"ನಮ್ಮ ತಮ್ಮನ ಥರ," ಎಂದು ಆಕೆ ಬಾಣಲೆ ಕಡೆ ತಿರುಗಿದ್ದಳು. ಆಮೇಲೆ ಆ ಕೋಣೆಯೊಳಗೆ ಕಸ ಗುಡಿಸಲು ಬಿಟ್ಟರೆ ಇನ್ನಾವುದಕ್ಕೂ ಕಾಲಿಟ್ಟಿರಲಿಲ್ಲ.

ಆಕೆಗೂ ಒಂದು ಅಪರೂಪದ ಕೆಲಸವಿತ್ತು. ಪಿಂಗಾಣಿ ಅಂಗಡಿಯಲ್ಲಿ ಹೊಸ ಸರಕು ಬಂದಾಗ ಒಂದೊಂದೇ ಬಟ್ಟಲನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಕಣ್ಣಿಗೆ ಕಾಣದ ಬಿರುಕು ಹಿಡಿಯುವುದು. ದಿನಕ್ಕೆ ಎಂಟುನೂರು ಬಟ್ಟಲು. ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಕಾಫಿ ಲೋಟ ತಟ್ಟಿ ನೋಡಿ ಎರಡು ಮನೆಯ ನೆಂಟಸ್ತಿಕೆ ಕಳೆದುಕೊಂಡಿದ್ದಳು.

ಕ್ಯಾಸೆಟ್ಟಿನಿಂದ ಒಂದು ಆಟ ತುಂಬಲು ಹನ್ನೊಂದು ನಿಮಿಷ ಬೇಕು. ಅಷ್ಟು ಹೊತ್ತೂ ಟೇಪು ಕರ್ಕಶವಾಗಿ ಕಿರುಚುತ್ತದೆ. ನಡುವೆ ಯಾರಾದರೂ ಮಿಕ್ಸಿ ಹಾಕಿದರೆ ಕರೆಂಟು ನಡುಗಿ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾಗಿ ಕಿರುಚಾಟ ನಡೆಯುವಷ್ಟು ಹೊತ್ತು ಮಿಕ್ಸಿ ಮುಟ್ಟಬಾರದೆಂಬುದು ಮನೆಯ ಕಾನೂನು. ಆಕೆ ಬೈದುಕೊಳ್ಳುತ್ತಲೇ ಅದನ್ನು ಪಾಲಿಸಿದ್ದಳು.

ಒಂಬತ್ತು ವರ್ಷಗಳಿಂದ ರಾಯರು ತಮ್ಮದೇ ಒಂದು ಡೆಮೊ ಬರೆಯುತ್ತಿದ್ದರು. ಕಪ್ಪು ಪರದೆಯ ಮೇಲೆ ಕಟ್ಟುಹಲ್ಲಿನ ಒಂದು ಜೊತೆ ಪ್ರತ್ಯಕ್ಷವಾಗಿ, ಗಿರಗಿರ ತಿರುಗಿ, ತಾಳಕ್ಕೆ ಸರಿಯಾಗಿ ಕಟಕಟ ಕುಣಿದು, ಕೊನೆಗೆ ಇಪ್ಪತ್ತೆಂಟು ಹಲ್ಲೂ ಒಂದೊಂದಾಗಿ ಹಾರಿಹೋಗಿ ನಕ್ಷತ್ರಗಳಾಗುತ್ತವೆ. ಇಡೀ ಡೆಮೊ ಎಪ್ಪತ್ತು ಸೆಕೆಂಡು. ಇದನ್ನು ಯಾರೂ ನೋಡಿರಲಿಲ್ಲ. ಯಾರಾದರೂ ನೋಡಿ ನಗಬೇಕು, ತಮ್ಮ ಎದುರಿಗೇ ನಗಬೇಕು ಎಂಬುದೊಂದೇ ರಾಯರ ಆಸೆ. ಐವತ್ತೆಂಟನೆಯ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಆಗ ಬಂತು ಗ್ರಂಥಪಾಲಕನ ಆಹ್ವಾನ. ವಾಚನಾಲಯದ ಹಿಂದಿನ ಹಾಲ್‌ನಲ್ಲಿ ಭಾನುವಾರ ಹಳೆಯ ಕಂಪ್ಯೂಟರ್ ಹುಚ್ಚರ ಸಭೆ, ಇದ್ದುದನ್ನು ತಂದು ತೋರಿಸಿ ಎಂದು. ಊರಲ್ಲಿ ತಮ್ಮಂಥವರು ಇನ್ನೂ ಹದಿನೆಂಟು ಜನರಿದ್ದಾರೆಂದು ತಿಳಿದು ರಾಯರಿಗೆ ಆದ ಆನಂದ ಅಷ್ಟಿಷ್ಟಲ್ಲ. ಆದರೆ ಒಂದು ಕಂಟಕ ಇತ್ತು. ಎರಡು ವರ್ಷಗಳಿಂದ ಅವರ ಮನೆಯಲ್ಲಿ ಕ್ಯಾಸೆಟ್ಟುಗಳು ತುಂಬುತ್ತಲೇ ಇರಲಿಲ್ಲ, ತುಂಬಿದರೂ ಹತ್ತಕ್ಕೊಂದು. ಡೆಮೊದ ಕ್ಯಾಸೆಟ್ಟಂತೂ ಮೂರು ವಾರಗಳಿಂದ ಜಪ್ಪಯ್ಯ ಎಂದರೂ ತುಂಬಿರಲಿಲ್ಲ. ಇದ್ದದ್ದು ಅದೊಂದೇ ಪ್ರತಿ.

"ಟೇಪು ಮುದಿಯಾಯ್ತು," ಎಂದರು ರಾಯರು.

ಟೇಪ್‌ರೆಕಾರ್ಡರ್‌ನಲ್ಲಿ ಒಂದು ಸಣ್ಣ ತೂತಿರುತ್ತದೆ. ಅದರೊಳಗೆ ಒಂದು ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಟೇಪಿನ ಸದ್ದು ಮೊಂಡಾಗುತ್ತದೆ ಇಲ್ಲವೇ ಚೂಪಾಗುತ್ತದೆ. ಚೂಪಾಗಿದ್ದರೆ ಮಾತ್ರ ಕಂಪ್ಯೂಟರಿಗೆ ಅರ್ಥ. ಈ ಚೂಪನ್ನು ಕಿವಿಯಿಂದಲೇ ಹಿಡಿಯಬೇಕು. ಎರಡು ವರ್ಷಗಳಿಂದ ರಾಯರಿಗೆ ಎಲ್ಲ ಟೇಪುಗಳೂ ಮೊಂಡಾಗಿಯೇ ಕೇಳಿಸುತ್ತಿದ್ದವು. ಹಾಗಾಗಿ ಅವರು ವಾರಕ್ಕೊಮ್ಮೆ ಸ್ಕ್ರೂ ತಿರುಗಿಸಿ ತಿರುಗಿಸಿ, ಸರಿಯಿದ್ದದ್ದನ್ನೂ ಕೆಡಿಸಿಟ್ಟಿದ್ದರು. ಇದೇ ಎರಡು ವರ್ಷಗಳಿಂದ ಬಾಗಿಲಿನ ಗಂಟೆ, ಕುಕ್ಕರಿನ ಸೀಟಿ ಅವರಿಗೆ ಕೇಳಿಸುತ್ತಿರಲಿಲ್ಲ. ಎದ್ದು ಹೋಗುವುದನ್ನು ತಪ್ಪಿಸಿಕೊಳ್ಳುವ ಜಾಣಕಿವುಡು ಅದು ಎಂದು ಹೆಂಡತಿ ತೀರ್ಮಾನಿಸಿದ್ದಳು.

ಭಾನುವಾರ ಬೆಳಿಗ್ಗೆ ಕಂಪ್ಯೂಟರನ್ನು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ರಾಯರು ಹೊರಟರು. ಟೇಪ್‌ರೆಕಾರ್ಡರ್ ಹಿಡಿಯಲು ಇನ್ನೊಂದು ಕೈ ಬೇಕಿತ್ತು, ಅದಕ್ಕಾಗಿ ಆಕೆ ಜೊತೆಗೆ ಬಂದಳು.

"ಹನ್ನೆರಡಕ್ಕೆಲ್ಲ ವಾಪಸ್ ಬರ್ಬೇಕು. ಬಟ್ಟೆ ನೆನೆಹಾಕಿದೀನಿ," ಎಂದು ಮೊದಲೇ ಷರತ್ತು ಹಾಕಿದ್ದಳು.

ಹಾಲ್‌ನಲ್ಲಿ ಜನ ಅವರವರ ನಿಧಿ ತೋರಿಸಿದರು. ಒಬ್ಬ ಬೀಗ ರಿಪೇರಿಯವನು ತಾನೊಬ್ಬನೇ ಗೆದ್ದಿರುವ ಆಟವೊಂದನ್ನು ತೋರಿಸಲು ಹೋಗಿ ಮೊದಲ ನಿಮಿಷಕ್ಕೇ ಸೋತ. ರಾಯರ ಸರದಿ ಬಂತು. ಕ್ಯಾಸೆಟ್ಟು ಕಿರುಚತೊಡಗಿತು. ಹದಿನೆಂಟು ಜನ ಕೈಕಟ್ಟಿ ಭಕ್ತಿಯಿಂದ ಕಾದರು. ಹನ್ನೊಂದನೆಯ ನಿಮಿಷಕ್ಕೆ ಪರದೆಯ ಮೇಲೆ ತಪ್ಪಾಗಿದೆ ಎಂಬ ಒಂದು ಸಾಲು ಬಂತು.

"ಟೇಪು ಮುದಿ," ಎಂದು ರಾಯರು ಸ್ಕ್ರೂ ತಿರುಗಿಸಿ ಮತ್ತೆ ಹಾಕಿದರು. ಮತ್ತೆ ಹನ್ನೊಂದು ನಿಮಿಷ, ಮತ್ತೆ ಅದೇ ಸಾಲು. ಆರು ಜನ ಎದ್ದು ಹೋದರು. ಬೀಗದವನು ಕೂತಲ್ಲೇ ಗೊರಕೆ ಹೊಡೆದ. ಒಂಬತ್ತು ವರ್ಷ ಒಂದು ಪೆಟ್ಟಿಗೆಯೊಳಗೆ ಸತ್ತುಹೋಯಿತೆಂದು ಅವರಿಗೆ ನಿಜವಾಗಿಯೂ ಅಳು ಬಂದಿತ್ತು. ಮೂರನೆಯ ಸಲ ಟೇಪು ಓಡಿಸಿ ಸ್ಕ್ರೂಗೆ ಕೈ ಹಾಕಿದಾಗ ಹಿಂದಿನಿಂದ ಹೆಂಡತಿಯ ದನಿ ಬಂತು.

"ಅತ್ಲಾಗಲ್ಲ, ಇತ್ಲಾಗೆ. ಕಿವಿಗೆ ಹತ್ತಿ ಇಟ್ಕೊಂಡಿದೀರಾ?"

"ನಿಂಗೇನ್ ಗೊತ್ತು ಇದ್ರ ಬಗ್ಗೆ?"

"ಇಪ್ಪತ್ತೇಳು ವರ್ಷ ಮಿಕ್ಸಿ ಮುಂದೆ ಕಾಯ್ಕೊಂಡು ಇದನ್ನೇ ಕೇಳಿದೀನಿ. ಒಡೆದ ಬಟ್ಲು ಥರ ಬರ್ತಿದೆ. ಕೊಡಿ ಇಲ್ಲಿ."

ಆಕೆ ಟೇಪ್‌ರೆಕಾರ್ಡರ್ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕಣ್ಣು ಮುಚ್ಚಿ ಸ್ಕ್ರೂವನ್ನು ಅಷ್ಟಷ್ಟೇ ತಿರುಗಿಸಿದಳು. ಸದ್ದು ಚಾಕುವಿನಂತೆ ಚೂಪಾಯಿತು, ಎಲ್ಲರೂ ಹುಬ್ಬೇರಿಸಿದರು. ಬೀಗದವನು ಎಚ್ಚರಗೊಂಡ. ರಾಯರಿಗೆ ಮಾತ್ರ ಏನೂ ಬದಲಾದಂತೆ ಅನಿಸಲಿಲ್ಲ.

"ಈಗ ಸರಿ ಆಯ್ತು," ಎಂದಳು ಆಕೆ.

"ಸರಿ ಆಯ್ತಾ?" ಎಂದರು ರಾಯರು.

ಹನ್ನೊಂದು ನಿಮಿಷದ ಮೇಲೆ ಹಲ್ಲು ಬಂತು. ಗಿರಗಿರ ತಿರುಗಿತು. ಕಟಕಟ ಕುಣಿಯಿತು. ಗ್ರಂಥಪಾಲಕ ಮೊದಲು ನಕ್ಕ, ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು. ಎದ್ದು ಹೋದವರೂ ಬಾಗಿಲಲ್ಲಿ ಗುಂಪುಗಟ್ಟಿ ನಕ್ಕರು. ರಾಯರು ಪರದೆ ನೋಡಲೇ ಇಲ್ಲ, ಜನರ ಮುಖವನ್ನೇ ನೋಡಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅದನ್ನು ಕಂಡು ಅವರ ಹೊಟ್ಟೆ ತುಂಬಿತು.

ಮೂವತ್ತನೆಯ ಸೆಕೆಂಡಿಗೆ ಸಂಗೀತದ ಎರಡನೆಯ ಭಾಗ ಶುರುವಾಯಿತು, ಇದ್ದಕ್ಕಿದ್ದಂತೆ ಎಲ್ಲರೂ ಒಟ್ಟಿಗೆ ಎರಡೂ ಕಿವಿ ಮುಚ್ಚಿಕೊಂಡರು. ಕಿಟಕಿಯ ಮೇಲಿನ ಪಾರಿವಾಳಗಳು ಹಾರಿಹೋದವು. ಜನ ನಗುತ್ತಲೂ ಇದ್ದರು, ಮುಖ ಹಿಂಡುತ್ತಲೂ ಇದ್ದರು. ಹೊರಗೆ ನಾಯಿ ಊಳಿಟ್ಟಿತು. ರಾಯರಿಗೆ ತಲೆಬುಡ ತಿಳಿಯಲಿಲ್ಲ. ಹಲ್ಲುಗಳೆಲ್ಲ ಸುಸೂತ್ರವಾಗಿ ನಕ್ಷತ್ರಗಳಾದವು, ಚಪ್ಪಾಳೆಯೋ ಚಪ್ಪಾಳೆ. ಸಭೆ ಮುಗಿಯುವಾಗ ಗ್ರಂಥಪಾಲಕ ಕೈಕುಲುಕಿ, "ಹಲ್ಲು ಬಹಳ ಚೆನ್ನಾಗಿತ್ತು ಸಾರ್, ಆ ಸೀಟಿ ಸ್ವಲ್ಪ ಧೈರ್ಯದ್ದು," ಎಂದ.

ದಾರಿಯಲ್ಲಿ ರಾಯರು ಕೇಳಿದರು, "ಯಾವ ಸೀಟಿ?"

"ಆ ಸೀಟಿ. ಕೊನೇತನಕ ಇತ್ತಲ್ಲ. ಮನೇಲೂ ಕೇಳಿದೀನಿ, ನಿಮ್ಮ ಹಲ್ಲು ಅರೆಯೋ ಮಿಷನ್ ಅಂದ್ಕೊಂಡಿದ್ದೆ."

ಆ ಕಂಪ್ಯೂಟರಿಗೆ ಮೂರು ದನಿಗಳಿವೆ, ಒಂದೇ ಸಲಕ್ಕೆ ಮೂರು ಸ್ವರ ನುಡಿಸಬಲ್ಲದು. ಅದರಲ್ಲಿ ಮೂರನೆಯದು ಕೆಟ್ಟಿದೆಯೆಂದು ರಾಯರು ನಂಬಿದ್ದರು. ಕೊಳಲಿನಂತಿರಲಿ ಎಂದು ಮೇಲಿನ ಸ್ವರಗಳನ್ನು ಹಾಕಿ, ಕೇಳಿಸದ್ದಕ್ಕೆ ಇನ್ನೂ ಮೇಲಿನವನ್ನು ಹಾಕಿ, ಸದ್ದು ಪೂರ್ತಿ ಏರಿಸಿ, ಕೈಬಿಟ್ಟಿದ್ದರು. ಅವರು ರಸ್ತೆಯ ಮಧ್ಯೆ ನಿಂತರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಟೇಪು ಮುದಿಯಾಗಿರಲಿಲ್ಲ, ದನಿಯೂ ಕೆಟ್ಟಿರಲಿಲ್ಲ. ಮೂವತ್ತೆರಡು ವರ್ಷ ಕಿವಿಯ ಪಕ್ಕದಲ್ಲೇ ಹಲ್ಲು ಅರೆದದ್ದಕ್ಕೆ ಆ ಯಂತ್ರ ತನ್ನ ಪಾಲು ತೆಗೆದುಕೊಂಡಿತ್ತು.

"ನನ್ನ ಕಿವಿ ಹೋಗಿದೆ ಕಣೇ," ಎಂದರು.

ಎರಡು ವರ್ಷ ಜಾಣಕಿವುಡು ಎಂದು ಬೈದದ್ದೆಲ್ಲ ಆಕೆಗೆ ನೆನಪಾಯಿತು. "ಡಾಕ್ಟರ್ ಹತ್ರ ಹೋಗೋಣ. ಮೇಲಿನ ಸ್ವರ ಮಾತ್ರ ಹೋಗಿರೋದು, ನನ್ನ ಬೈಗುಳ ಎಲ್ಲಾ ಕೇಳ್ಸತ್ತಲ್ಲ," ಎಂದಳು.

ಮುಂದಿನ ಭಾನುವಾರ ಆಕೆ ಅಡುಗೆಮನೆಯ ಸ್ಟೂಲು ಎಳೆದುಕೊಂಡು ಬಂದು ಆ ಚಿಕ್ಕ ಕೋಣೆಯಲ್ಲಿ ರಾಯರ ಪಕ್ಕ ಕೂತಳು. ಮೂರನೆಯ ದನಿಯ ಸ್ವರಗಳನ್ನು ರಾಯರು ಒಂದೊಂದಾಗಿ ನುಡಿಸಿದರು. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ, ಆಕೆಯ ಮುಖ ನೋಡುತ್ತಿದ್ದರು.

"ಅಯ್ಯೋ, ತೆಗೀರಿ," ಎನ್ನುತ್ತಿದ್ದಳು. ತೆಗೆಯುತ್ತಿದ್ದರು. "ಇದೂ ಬೇಡ." ಅದೂ ಹೋಗುತ್ತಿತ್ತು. ನಲವತ್ತು ಸ್ವರ ಅಳಿಸಿದ ಮೇಲೆ ಇನ್ನೊಂದನ್ನು ನುಡಿಸಿ ಅಳಿಸಲು ಬೆರಳು ಎತ್ತಿದರು. ಆಕೆ ಅವರ ಕೈ ಹಿಡಿದಳು.

"ಇದಿರ್ಲಿ. ಇದು ಚೆನ್ನಾಗಿದೆ."

"ಹೇಗಿದೆ?"

"ಒಳ್ಳೇ ಬಟ್ಲು ಥರ ಇದೆ," ಎಂದಳು ಆಕೆ.

ರಾಯರು ಅದನ್ನು ಉಳಿಸಿಕೊಂಡರು. ಸಂಜೆಯವರೆಗೆ ಆ ಒಂದು ಸ್ವರವನ್ನು ಆಕೆಗಾಗಿ ಮತ್ತೆ ಮತ್ತೆ ನುಡಿಸಿದರು.